ಕೆಂಪು ಕಾಣದ ಆಳ: ಗದಗದಿಂದ ನೇತ್ರಾಣಿ, ಮಲ್ಪೆ, ಸವಣೂರು

ಗದಗದಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವರಿಗೆ ಬಿಡುವು ಸಿಗೋದು ವರ್ಷದಲ್ಲಿ ಒಂದೇ ಸಲ. ದೀಪಾವಳಿ ಮುಗೀತು ಅಂದರೆ ಕ್ಯಾಲೆಂಡರ್, ಡೈರಿ ಕೆಲಸ ಶುರು, ಸಂಕ್ರಾಂತಿವರೆಗೆ ತಲೆ ಎತ್ತೋ ಹಾಗಿಲ್ಲ. ಮಾರ್ಚ್ ಬಂದರೆ ಲಗ್ನಪತ್ರಿಕೆ, ಜಾತ್ರೆ ಪೋಸ್ಟರ್. ನಡುವೆ ಫೆಬ್ರವರಿಯಲ್ಲಿ ಒಂದು ಹತ್ತು ದಿನ ಮಷಿನ್ ತಣ್ಣಗಿರುತ್ತದೆ. ಪ್ರವಾಸ, ನೆಂಟರ ಮನೆ, ಹಲ್ಲಿನ ಡಾಕ್ಟರು ಎಲ್ಲಾ ಆ ಹತ್ತು ದಿನದಲ್ಲೇ ಮುಗಿಯಬೇಕು.

ಈ ಸಲ ಅಕ್ಕನ ಮಗ ಪ್ರವೀಣ ಹುಬ್ಬಳ್ಳಿಯಿಂದ ಫೋನ್ ಮಾಡಿದ. "ಮಾವಾ, ಗೋವಾ ಸಾಕು. ನೇತ್ರಾಣಿಗೆ ಹೋಗಿ ಸಮುದ್ರದಾಗ ಮುಳುಗೂಣು." ನೇತ್ರಾಣಿ ಅಂದರೆ ಮುರ್ಡೇಶ್ವರದ ಹತ್ತಿರ ಸಮುದ್ರದಲ್ಲಿರೋ ದ್ವೀಪ. ಸ್ಕೂಬಾ ಡೈವಿಂಗ್ ಅಂತೆ, ಬೆನ್ನಿಗೆ ಸಿಲಿಂಡರ್ ಹಾಕಿಕೊಂಡು ನೀರಿನಡಿ ಉಸಿರಾಡ್ತಾ ಈಜೋದು. ಅವನಿಗೆ ಅಂಡಮಾನಿಗೆ ಹೋಗಿ ಬ್ಯಾರನ್ ದ್ವೀಪದ ಹತ್ತಿರ ಡೈವ್ ಮಾಡೋ ಹುಚ್ಚು. ನಮ್ಮ ದೇಶದಲ್ಲಿ ಈಗಲೂ ಜೀವಂತ ಇರೋ ಜ್ವಾಲಾಮುಖಿ ಅದೊಂದೇ, ನೂರೈವತ್ತಕ್ಕೂ ಜಾಸ್ತಿ ವರ್ಷ ಸುಮ್ನೆ ಮಲಗಿದ್ದು 1991ರಲ್ಲಿ ಮತ್ತೆ ಎದ್ದು ಬೆಂಕಿ ಉಗುಳಿತು. ಅಲ್ಲಿಗೆ ಹೋಗೋಕೆ ದುಡ್ಡು ಕೂಡೋವರೆಗೆ ಮುರ್ಡೇಶ್ವರದಲ್ಲಿ ಕೈ ಪಳಗಿಸಿಕೊಳ್ಳೋಣ ಅನ್ನೋದು ಅವನ ಲೆಕ್ಕ.

ನಾನು ಈಜು ಕಲಿತದ್ದು ಬೆಟಗೇರಿ ಕಡೆ ಒಂದು ತೋಟದ ಬಾವಿಯಲ್ಲಿ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡು. ಆಮೇಲೆ ದಿನಾ ನೋಡೋ ದೊಡ್ಡ ನೀರು ಅಂದರೆ ಭೀಷ್ಮ ಕೆರೆ. ಆದರೂ ಹೂಂ ಅಂದೆ. ನಲವತ್ತೆಂಟು ವಯಸ್ಸಾಗಿದೆ, ಇನ್ನೊಂದು ಹತ್ತು ವರ್ಷ ಬಿಟ್ಟು ಯಾರೂ ಕರೆಯೋದಿಲ್ಲ ಅಂತ.

ಮೂರನೆಯವನು ಬಸು. ಗೆಳೆಯ, ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಕಪ್ಪತಗುಡ್ಡಕ್ಕೆ ಹೋದರೆ ಎಲ್ಲರೂ ಗಿಡಮೂಲಿಕೆ, ಗಾಳಿ ಫ್ಯಾನು ನೋಡಿದರೆ ಇವನು ಕುಕ್ಕರಗಾಲಲ್ಲಿ ಕೂತು ಕಲ್ಲು ನೋಡ್ತಾನೆ. "ಲೇ, ನಾ ನೀರಿಗೆ ಇಳಿಯಂಗಿಲ್ಲ. ಹಂಗ ಮುಂದ ಮಲ್ಪಿಗೆ ಹೋಗಿ ಸೇಂಟ್ ಮೇರಿಸ್ ದ್ವೀಪದ ಕಲ್ಲು ತೋರಿಸ್ತಿದ್ರ ಬರ್ತೀನಿ" ಅಂದ. ಒಪ್ಪಂದ ಆಯ್ತು.

ಮೊದಲ ದಿನ

ಬೆಳಗ್ಗೆ ಐದೂವರೆಗೆ ಗದಗ ಬಿಟ್ಟೆವು. ಹುಬ್ಬಳ್ಳಿಯಲ್ಲಿ ಪ್ರವೀಣ ಕಾರು ಹತ್ತಿದಾಗಲೇ ಎರಡು ಸಲ ಸೀನಿದ. "ಏನಿಲ್ಲ ಮಾವಾ, ಹುಬ್ಬಳ್ಳಿ ಧೂಳು" ಅಂದ. ಹುಬ್ಬಳ್ಳಿಯವರು ಎಲ್ಲದಕ್ಕೂ ಧೂಳನ್ನೇ ಬೈತಾರೆ, ನಾನೂ ನಂಬಿದೆ.

ಕಲಘಟಗಿ ದಾಟಿದ ಮೇಲೆ ಗಾಳಿ ಬದಲಾಗುತ್ತದೆ. ಯಲ್ಲಾಪುರದಲ್ಲಿ ಚಹಾ ಕುಡಿದು ಅರಬೈಲ್ ಘಟ್ಟ ಇಳಿಯೋಕೆ ಶುರು ಮಾಡಿದೆವು, ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಮ್ಮ ಬಡಪಾಯಿ ಕಾರು. ಅರ್ಧ ದಾರಿಗೆ ಬಂದಾಗ ಕಿವಿ ಗುಂಯ್ ಅಂದು ಮುಚ್ಚಿಕೊಂಡಿತು. ಉಗುಳು ನುಂಗಿದೆ, ಟಪ್ ಅಂತ ತೆರೀತು.

ಬಸು ಅದನ್ನೇ ಕಾಯ್ತಿದ್ದವನ ಹಾಗೆ ಪಾಠ ಶುರು ಮಾಡಿದ. ಈ ಘಟ್ಟದಲ್ಲಿ ನಾಲ್ಕೈದು ನೂರು ಮೀಟರ್ ಇಳಿದರೂ ಗಾಳಿಯ ಒತ್ತಡ ಹೆಚ್ಚಾಗೋದು ತೀರಾ ಸ್ವಲ್ಪ, ನೀರಿನಲ್ಲಿ ಹೆಚ್ಚುಕಡಿಮೆ ಅರ್ಧ ಮೀಟರ್ ಇಳಿದಷ್ಟು. ಹತ್ತು ಮೀಟರ್ ಇಳಿದರೆ ಒತ್ತಡ ನೆಲದ ಮೇಲಿನದಕ್ಕಿಂತ ಎರಡು ಪಟ್ಟು. "ಅರ್ಧ ಮೀಟರಿಗೇ ನಿನ್ನ ಕಿವಿ ಹಿಂಗಾತು. ನಾಳೆ ಹತ್ತು ಮೀಟರ್ ಅಂತೀಯಲ್ಲ!" ನಾನು ಮಾತಾಡಲಿಲ್ಲ. ಅವನ ಲೆಕ್ಕ ಸರಿ ಅಂತ ನನಗೆ ಮರುದಿನ ಗೊತ್ತಾಯ್ತು.

ಅಂಕೋಲಾ, ಕುಮಟಾ, ಹೊನ್ನಾವರದ ಶರಾವತಿ ಸೇತುವೆ, ಮುರ್ಡೇಶ್ವರ. ಮಧ್ಯಾಹ್ನ ಎರಡಾಗಿತ್ತು. ದೇವಸ್ಥಾನ, ಶಿವನ ಮೂರ್ತಿ ಎಲ್ಲರಿಗೂ ಗೊತ್ತಿರೋದೇ, ಅದನ್ನು ಬಿಡ್ತೀನಿ.

ಸಂಜೆ ಡೈವಿಂಗ್ ಅಂಗಡಿಗೆ ಹೋದೆವು. ಈಜು ಬರದಿದ್ದರೂ ನಡೆಯುತ್ತೆ, ಸರ್ಟಿಫಿಕೇಟ್ ಬೇಡ, ಒಬ್ಬೊಬ್ಬರಿಗೆ ಒಬ್ಬ ಇನ್‌ಸ್ಟ್ರಕ್ಟರ್ ಜೊತೆಗೇ ಇರ್ತಾರೆ, 12 ಮೀಟರ್‌ಗಿಂತ ಕೆಳಗೆ ಕರೆದುಕೊಂಡು ಹೋಗೋದಿಲ್ಲ. ಒಂದು ಫಾರ್ಮ್ ಕೊಟ್ಟರು. ಅಸ್ತಮಾ ಇದೆಯಾ, ಹೃದಯದ ತೊಂದರೆ, ಫಿಟ್ಸ್, ಕಿವಿ ಆಪರೇಷನ್, ನೆಗಡಿ. ಪ್ರವೀಣ ಎಲ್ಲದಕ್ಕೂ ಇಲ್ಲ ಅಂತ ಟಿಕ್ ಹಾಕಿ ಕೊಡುತ್ತಾ ಜೋರಾಗಿ ಸೀನಿದ. ಇನ್‌ಸ್ಟ್ರಕ್ಟರ್, ಭಟ್ಕಳ ಕಡೆಯ ಹುಡುಗ, ಫಾರ್ಮ್ ತಿರುಗಿಸಿ ಅವನ ಕೈಗೇ ಕೊಟ್ಟ. "ನೆಗಡಿ ಇದ್ರೆ ಮೂಗು ಕಿವಿ ನಡುವಿನ ದಾರಿ ಮುಚ್ಚಿರ್ತದೆ. ಕೆಳಗೆ ಹೋದ್ರೆ ಕಿವಿ ಪರದೆ ಹರೀತದೆ. ನಿಮ್ಮನ್ನ ಇಳಿಸೂದಿಲ್ಲ."

ದುಡ್ಡು ಆಗಲೇ ಕಟ್ಟಿದ್ದೆವು. ಮೂವರೂ ಮುಖ ಮುಖ ನೋಡಿಕೊಂಡೆವು. ಆಮೇಲೆ ನಾನೂ ಪ್ರವೀಣನೂ ಒಟ್ಟಿಗೇ ಬಸೂನ ಕಡೆ ತಿರುಗಿದೆವು.

"ಲೇ, ನನ್ನ ಯಾಕ ನೋಡಾಕತ್ತೀರಿ?"

ರಾತ್ರಿ ಊಟಕ್ಕೆ ಕೂತಾಗ ಅವನು ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಟ್ಟುಕೊಂಡು ಒಂದೂ ಮಾತಾಡದೆ ತಿಂದ. ಮಲಗೋ ಮುಂಚೆ ಕೇಳಿದ, "ಫಾರ್ಮ್ ಎಲ್ಲೈತಿ?"

ಎರಡನೇ ದಿನ

ಬೆಳಗ್ಗೆ ಎರಡೇ ಇಡ್ಲಿ. ಹೊಟ್ಟೆ ತುಂಬಾ ತಿಂದರೆ ಬೋಟಿನಲ್ಲಿ ಹೊರಗೆ ಬರುತ್ತದೆ ಅಂತ ಹೇಳಿದ್ದರು. ನೇತ್ರಾಣಿ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಬೋಟಿನಲ್ಲಿ ಒಂದೂಕಾಲು ಗಂಟೆ ಹಿಡೀತು. ದಡ ಕಣ್ಣಿಗೆ ಕಾಣ್ತಾ ಇರೋವರೆಗೆ ಎಲ್ಲಾ ಮಜಾ. ಆಮೇಲೆ ಅಲೆ ಉದ್ದುದ್ದ ಆದವು, ಬೋಟು ತೊಟ್ಟಿಲಿನ ಹಾಗೆ ತೂಗತೊಡಗಿತು, ಡೀಸೆಲ್ ವಾಸನೆ ಬೇರೆ. ನೀರಿಗೆ ಇಳಿಯದ ಪ್ರವೀಣನೇ ಮೊದಲು ವಾಂತಿ ಮಾಡಿದ. ನಂದು ಎರಡನೇ ನಂಬರು. ಬಸು ಜೀರಿಗೆ ಪೆಪ್ಪರಮೆಂಟ್ ಚೀಪುತ್ತಾ ದಿಗಂತ ನೋಡುತ್ತಾ ಕೂತಿದ್ದ. ದೂರದಲ್ಲಿ ಅಲುಗಾಡದ ಗೆರೆ ನೋಡ್ತಾ ಕೂತರೆ ತಲೆ ತಿರುಗೋದು ಕಡಿಮೆ, ಅದು ಅವನಿಗೆ ಗೊತ್ತಿತ್ತು, ನಮಗೆ ಹೇಳಿದ್ದು ಮಾತ್ರ ನಾವು ವಾಂತಿ ಮಾಡಿದ ಮೇಲೆ.

ನೇತ್ರಾಣಿ ಅಂದರೆ ನೀರಿನಿಂದ ನೇರ ಎದ್ದ ಗುಡ್ಡ. ಬಂಡೆ, ಮೇಲೆ ದಟ್ಟ ಕಾಡು. ಆಕಾಶದಿಂದ ನೋಡಿದರೆ ಹೃದಯದ ಆಕಾರ ಅಂತಾರೆ, ಬೋಟಿನಿಂದ ಅದೇನೂ ಕಾಣಲ್ಲ. ಪಾರಿವಾಳ ದ್ವೀಪ ಅಂತಲೂ ಹೆಸರು. ಬಿಳಿ ಹೊಟ್ಟೆಯ ಕಡಲ ಹದ್ದುಗಳ ಗೂಡು ಇಲ್ಲಿವೆ. ಒಂದು ನಮ್ಮ ತಲೆ ಮೇಲೆ ರೆಕ್ಕೆ ಬಡಿಯದೆ ಎರಡು ಸುತ್ತು ಹಾಕಿ ಬಂಡೆ ಹಿಂದೆ ಹೋಯ್ತು. ಹಿಂದೆ ನೌಕಾಪಡೆಯವರು ಈ ಗುಡ್ಡವನ್ನು ಗುರಿ ಇಟ್ಟು ಹೊಡೆಯೋ ಅಭ್ಯಾಸಕ್ಕೆ ಬಳಸ್ತಿದ್ದರು. ಮೇಲೆ ಹರಕೆಗೆ ಬಿಟ್ಟ ಆಡುಗಳಿವೆ ಅಂತ ಬೋಟಿನವರು ಹೇಳಿದರು. ನಾವು ಹತ್ತುವ ಹಾಗಿಲ್ಲ, ಬೋಟು ದೂರದಲ್ಲೇ ಲಂಗರು ಹಾಕುತ್ತದೆ.

ಇನ್ನು ಸಾಮಾನಿನ ಮಾತು. ಬೆನ್ನಿಗೆ ಹಾಕೋ ಸಿಲಿಂಡರನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅಂತಾರೆ. ಅಲ್ಲ. ಅದರಲ್ಲಿ ಇರೋದು ನಾವು ದಿನಾ ಉಸಿರಾಡೋ ಗಾಳಿಯೇ, ನೂರಕ್ಕೆ 21 ಭಾಗ ಆಕ್ಸಿಜನ್, ಮಿಕ್ಕಿದ್ದು ಹೆಚ್ಚುಕಡಿಮೆ ಎಲ್ಲಾ ನೈಟ್ರೋಜನ್, ಸುಮ್ನೆ ಒತ್ತಿ ಒತ್ತಿ ತುಂಬಿರ್ತಾರೆ. ಬಾಯಲ್ಲಿ ಕಚ್ಚೋ ರೆಗ್ಯುಲೇಟರ್ ನಾವು ಎಳೆದಾಗ ಮಾತ್ರ, ನಾವಿರೋ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಬಿಡುತ್ತದೆ. 1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾನ್ ಅಂತ ಇಬ್ಬರು ಮಾಡಿದ ಉಪಾಯ ಇದು. ಅದರ ಸದ್ದು ಕೇಳಿದ ತಕ್ಷಣ ನನಗೆ ಪ್ರೆಸ್ ನೆನಪಾಯ್ತು, ಆಫ್‌ಸೆಟ್ ಮಷಿನ್ ಹಾಳೆ ಎಳೆದುಕೊಳ್ಳುವಾಗ ಏರ್ ಪಂಪು ಸೂಸ್ ಅನ್ನುತ್ತಲ್ಲ, ಅದೇ.

ಇನ್‌ಸ್ಟ್ರಕ್ಟರ್ ಹೇಳಿದ್ದು ಎರಡೇ ಮಾತು. ಉಸಿರು ಕಟ್ಟಬೇಡಿ, ಯಾವ ಕಾರಣಕ್ಕೂ. ಕೆಳಗೆ ತುಂಬಿಕೊಂಡ ಗಾಳಿ ಮೇಲೆ ಬರ್ತಾ ಹಿಗ್ಗುತ್ತದೆ, ಕಟ್ಟಿ ಹಿಡಿದರೆ ಶ್ವಾಸಕೋಶ ಹರಿಯುತ್ತದೆ. ಎರಡನೇದು, ಕಿವಿ ನೋಯೋ ಮುಂಚೆಯೇ ಮೂಗು ಹಿಡಿದು ಮೆಲ್ಲಗೆ ಊದಿ.

ಆ "ಮುಂಚೆಯೇ" ಅನ್ನೋದು ನನ್ನ ತಲೆಗೆ ಹೋಗಲಿಲ್ಲ. ಬೋಟಿನ ಅಂಚಿಗೆ ಕೂತು ಹಿಂದಕ್ಕೆ ಉರುಳಿದೆ, ಉಪ್ಪು ನೀರು, ಗುಳ್ಳೆ, ಎದೆ ಡಬಡಬ. ಹಗ್ಗ ಹಿಡಿದು ಇಳಿಯುವಾಗ ನನ್ನ ಗಮನ ಎಲ್ಲಾ ಬಾಯಿಯ ರಬ್ಬರಿನ ಮೇಲೆ. ಮೂರು ಮೀಟರಿಗೆ ಬಂದಾಗ ಎಡಗಿವಿಯಲ್ಲಿ ಯಾರೋ ಸೂಜಿ ಇಟ್ಟು ಒತ್ತಿದ ಹಾಗಾಯ್ತು. ಆಗ ಊದಿದೆ. ತೆರೀಲಿಲ್ಲ. ಜೋರಾಗಿ ಊದಬಾರದು ಅಂತ ಅವನು ಕೈ ಆಡಿಸಿ, ನನ್ನನ್ನು ಒಂದು ಮೀಟರ್ ಮೇಲೆ ಎತ್ತಿದ. ಮತ್ತೆ ಊದಿದೆ. ಕುಂಯ್ ಅಂತ ಬಾಗಿಲು ಕಿರುಗುಟ್ಟಿದ ಹಾಗೆ ತೆರೀತು. ಮತ್ತೆ ಒಂದು ಮೀಟರ್ ಇಳಿದರೆ ಮತ್ತೆ ಅದೇ. ಹೀಗೆ ಹತ್ತಿ ಇಳಿದು ಹತ್ತಿ ಇಳಿದು ಹತ್ತು ನಿಮಿಷ ಹೋಯ್ತು. ಒಟ್ಟು ಇದ್ದದ್ದೇ ಇಪ್ಪತ್ತೈದು ನಿಮಿಷ.

ಕೊನೆಗೆ ಏಳು ಮೀಟರಿಗೆ ಮುಟ್ಟಿದಾಗ ಕ್ಯಾಮೆರಾ ಹಿಡಿದವನು ಬಂದ. ಕೈ ಬೀಸಿ. ಎರಡು ಬೆರಳು ತೋರಿಸಿ. ಬಂಡೆ ಪಕ್ಕ ನಿಲ್ಲಿ. ಫೋಟೋ ವಿಡಿಯೋ ಪ್ಯಾಕೇಜಿನಲ್ಲೇ ಇದೆ, ತೆಗೆಯದಿದ್ದರೆ ಜನ ಜಗಳಕ್ಕೆ ಬರ್ತಾರೆ ಅಂತ ಗೊತ್ತು. ಆದರೂ ಹೇಳ್ತೀನಿ, ಆ ಐದು ನಿಮಿಷ ನನ್ನ ಹಿಂದೆ ಎಂಥ ಮೀನು ಹೋದವೋ ನನಗೆ ಗೊತ್ತಿಲ್ಲ, ವಿಡಿಯೋ ನೋಡಿದ ಮೇಲೆ ಗೊತ್ತಾಯ್ತು. ಅದರಲ್ಲಿ ಮೀನುಗಳು ಚೆನ್ನಾಗಿವೆ, ನಾನು ಹೆದರಿದ ಕಪ್ಪೆಯ ಹಾಗಿದ್ದೇನೆ.

ಮೇಲೆ ಬಂದರೆ ಬಸು ಆಗಲೇ ಬೋಟಿನಲ್ಲಿ ಕೂತು ನಿಂಬೆ ಶರಬತ್ತು ಕುಡೀತಿದ್ದ. ಈಜು ಬರೋದಿಲ್ಲ, ಆದರೆ ಮಾಸ್ತರ ಅಲ್ವಾ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದ. ಅರ್ಧರ್ಧ ಮೀಟರಿಗೆ ಮೂಗು ಹಿಡಿದು ಊದಿದನಂತೆ. ಒಂಬತ್ತು ಮೀಟರ್. "ಹೆಂಗಿತ್ತೋ?" ಅಂದೆ. "ಪರೀಕ್ಷಾ ಹಾಲ್ ಇದ್ದಂಗ ಐತಿ. ಯಾರೂ ಮಾತಾಡಂಗಿಲ್ಲ."

ನನಗೆ ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ.

ಸಂಜೆ ಅಂಗಡಿಗೆ ಹೋಗಿ ನಾಳೆಗೆ ಇನ್ನೊಂದು ಡೈವ್ ಹೇಳಿದೆ, ವಿಡಿಯೋ ಬೇಡ ಅಂತ ಮೊದಲೇ ಹೇಳಿದೆ. ತಲೆಗೆ ಐದು ಸಾವಿರದ ಹತ್ತಿರ ಮತ್ತೆ ಖರ್ಚು. ನೀವು ಹೋಗೋದಿದ್ದರೆ ನನ್ನ ಮಾತು ಕೇಳಿ, ದುಡ್ಡು ಕೂಡಿಸಿ ಎರಡು ಸಲ ಇಳಿಯೋ ಹಾಗೆ ಹೋಗಿ. ಮೊದಲನೇದು ಕಿವಿಗೆ ಹೋಗುತ್ತದೆ, ಕಣ್ಣಿಗೆ ಸಿಗೋದು ಎರಡನೇದು.

ಆಗಲೇ ಆ ಹುಡುಗ ಕೇಳಿದ್ದು, "ನಾಳೆ ಡೈವ್ ಆದ್ಮೇಲೆ ಘಟ್ಟ ಹತ್ತತೀರಾ?" ಯಾಕಪ್ಪಾ ಅಂದರೆ, ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತದಲ್ಲಿ ಕರಗಿರುತ್ತದೆ, ನಿಧಾನಕ್ಕೆ ಹೊರಗೆ ಹೋಗಬೇಕು. ಬೇಗ ಎತ್ತರಕ್ಕೆ ಹೋದರೆ ಗೋಲಿ ಸೋಡಾ ಗೋಲಿ ಒತ್ತಿದ ಹಾಗೆ ಒಳಗೇ ಗುಳ್ಳೆ ಏಳಬಹುದು. ವಿಮಾನ ಹತ್ತೋಕೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಜಾಸ್ತಿ ಆಗಿದ್ದರೆ 18 ಗಂಟೆ ಬಿಡಬೇಕು, ಬೆಟ್ಟ ಹತ್ತೋದಕ್ಕೂ ಅದೇ ಎಚ್ಚರ. ನಾವು ಇಳಿಯೋದು ಕಡಿಮೆ ಆಳ, ಅಪಾಯ ಕಡಿಮೆ, ಆದರೂ ಹುಬ್ಬಳ್ಳಿ ಧಾರವಾಡದವರು ಮಧ್ಯಾಹ್ನ ಡೈವ್ ಮುಗಿಸಿ ಸಂಜೆಗೆ ಘಟ್ಟದ ಮೇಲೆ 600–700 ಮೀಟರ್ ಎತ್ತರದ ಮನೆಗೆ ಹೋಗ್ತಾರೆ, ಅದು ಬೇಡ ಅಂದ. ನನಗೆ ಇದು ಹೊಳೆದೇ ಇರಲಿಲ್ಲ. ಬಸು ಮುಖ ಅರಳಿತು. "ಅಂದ್ರ ದಂಡಿ ಹಿಡಕೊಂಡು ಮಲ್ಪಿಗೆ ಹೋಗಾಕ ಬೇಕು. ಸೈನ್ಸ್ ಹೇಳಾಕತ್ತೈತಿ."

ಮೂರನೇ ದಿನ

ಈ ಸಲ ಬೋಟಿನಲ್ಲಿ ದಿಗಂತ ನೋಡುತ್ತಾ ಕೂತೆ. ನೀರಿಗೆ ಬಿದ್ದ ತಕ್ಷಣ ಮೂಗು ಹಿಡಿದೆ. ಅರ್ಧ ಮೀಟರ್, ಊದು. ಮತ್ತೆ ಅರ್ಧ, ಊದು. ಐದು ನಿಮಿಷದಲ್ಲಿ ಒಂಬತ್ತು ಮೀಟರ್ ಕೆಳಗೆ ಬಂಡೆಯ ಮೇಲೆ ಕೈ ಇಡದೆ ತೇಲುತ್ತಿದ್ದೆ. ಹವಳ ಮುಟ್ಟಬಾರದು, ಅದು ಕಲ್ಲಿನ ಹಾಗೆ ಕಂಡರೂ ಜೀವ ಇರೋ ಪ್ರಾಣಿ.

ನನ್ನ ಬಲಗೈಯಲ್ಲಿ ಜಾತ್ರೆಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಇದೆ. ಕೈ ಎತ್ತಿ ನೋಡಿದರೆ ಅದು ಕೆಂಪಿಲ್ಲ. ಕಂದು ಕಪ್ಪು, ಒಣಗಿದ ರಕ್ತದ ಹಾಗೆ. ಒಂದು ಕ್ಷಣ ದಾರ ಬದಲಾಯ್ತಾ ಅಂತಲೇ ಅನ್ನಿಸಿತು. ನೀರು ಬೆಳಕಿನಲ್ಲಿರೋ ಕೆಂಪನ್ನು ಎಲ್ಲಕ್ಕಿಂತ ಮೊದಲು ನುಂಗುತ್ತದೆ ಅಂತ ಬಸು ಹೇಳಿದ್ದ, ಆದರೆ ಇಪ್ಪತ್ತೈದು ವರ್ಷ ಬಣ್ಣದ ಜೊತೆ ಬಾಳಿದವನಿಗೆ ಅದನ್ನು ಹೇಳೋ ರೀತಿ ಬೇರೆ: ಇಡೀ ಹಾಳೆಯ ಮೇಲೆ ಯಾರೋ ಸಯಾನ್, ಅಂದರೆ ಹಸಿರು ಬೆರೆತ ನೀಲಿ ಇಂಕು, ಒಂದು ಕೋಟ್ ಹೊಡೆದಿದ್ದಾರೆ. ಕೆಂಪಿನ ಮೇಲೆ ಸಯಾನ್ ಬಿದ್ದರೆ ಕಪ್ಪಾಗುತ್ತೆ, ಅದು ಪ್ರೆಸ್ಸಿನ ಹುಡುಗನಿಗೂ ಗೊತ್ತು. ಇನ್‌ಸ್ಟ್ರಕ್ಟರ್ ನಾನು ದಾರ ನೋಡೋದನ್ನು ಕಂಡು ಟಾರ್ಚ್ ತೆಗೆದು ಬಿಟ್ಟ. ದಾರ ಭಗ್ಗನೆ ಹೊತ್ತಿಕೊಂಡಿತು. ಟಾರ್ಚ್ ಆರಿಸಿದ, ಮತ್ತೆ ಕಪ್ಪು. ನಾನು ಇನ್ನೊಂದು ಸಲ ಅಂತ ಸನ್ನೆ ಮಾಡಿದೆ. ಅವನು ನಗೋದು ಗುಳ್ಳೆಯಲ್ಲಿ ಕಾಣಿಸಿತು.

ಆಮೇಲೆ ಒಂದು ಸದ್ದು. ಕರ್ರ್, ಕರ್ರ್. ಕಟಕ ರೊಟ್ಟಿ ಕಡಿದ ಹಾಗೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ಬೇಗ ಓಡುವುದರಿಂದ ಯಾವ ದಿಕ್ಕಿನಿಂದ ಬಂತು ಅಂತ ಗೊತ್ತೇ ಆಗಲ್ಲ, ತಲೆಯೊಳಗೇ ಕೇಳಿದ ಹಾಗಿರುತ್ತದೆ. ಅವನು ಬೆರಳು ತೋರಿಸಿದ ಕಡೆ ನೋಡಿದೆ. ಗಿಳಿ ಮೀನು. ನಮ್ಮ ಮೊಳಕೈ ಉದ್ದ, ಹಸಿರು ನೀಲಿ, ಬಾಯಿ ಥೇಟ್ ಗಿಳಿ ಕೊಕ್ಕು. ಬಂಡೆಯನ್ನು ಕಚ್ಚುತ್ತೆ, ಎರಡು ಮೊಳ ಹಿಂದೆ ಸರಿಯುತ್ತೆ, ಮತ್ತೆ ಬಂದು ಕಚ್ಚುತ್ತೆ. ಕಚ್ಚಿದ ಜಾಗದಲ್ಲಿ ಜೋಡಿ ಗೀರು, ಬಿಳಿ, ಹೊಸ ಸುಣ್ಣದ ಬಳಪದಿಂದ ಎಳೆದ ಹಾಗೆ. ಅದು ತಿನ್ನೋದು ಹವಳದ ಕಲ್ಲಿನ ಮೇಲಿನ ಪಾಚಿ, ಜೊತೆಗೆ ಕಲ್ಲೂ ಒಳಗೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಬೂದಿಯ ಹಾಗೆ ಏನೋ ಉದುರಿತು. ಮರಳು! ಸಿನಿಮಾದಲ್ಲಿ ನಾಯಕಿ ಬರಿಗಾಲಲ್ಲಿ ಓಡೋ ಹವಳ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಇದೇ.

ಚಿಟ್ಟೆ ಮೀನು ಜೋಡಿ ಜೋಡಿಯಾಗಿ ಹೋದವು. ಬಂಡೆ ಸಂದಿಯಲ್ಲಿ ಕರಿ ಮುಳ್ಳಿನ ಸೀ ಅರ್ಚಿನ್. ಬರಾಕುಡಾ ಒಂದು ಗುಂಪು ದೂರದಲ್ಲಿ ತಗಡಿನ ಹಾಗೆ ಮಿಂಚಿ ತಿರುಗಿತು. ಆದರೆ ನಾನು ಹೆಚ್ಚು ಹೊತ್ತು ಇದ್ದದ್ದು ಆ ಗಿಳಿ ಮೀನಿನ ಮುಂದೆಯೇ, ಎರಡು ಮಾರು ದೂರದಲ್ಲಿ, ನಿಧಾನಕ್ಕೆ ಉಸಿರಾಡುತ್ತಾ. ಗಾಬರಿ ಇಲ್ಲದಿದ್ದರೆ ಗಾಳಿ ಎಷ್ಟು ಕಡಿಮೆ ಖರ್ಚಾಗುತ್ತೆ ಅಂದರೆ, ಮೇಲೆ ಬಂದಾಗ ಸಿಲಿಂಡರಿನಲ್ಲಿ ನಿನ್ನೆಗಿಂತ ಜಾಸ್ತಿ ಉಳಿದಿತ್ತು, ಕೆಳಗಿದ್ದದ್ದೂ ನಿನ್ನೆಗಿಂತ ಜಾಸ್ತಿ ಹೊತ್ತು.

ಬಸು ಅವತ್ತು ಇಳಿಯಲಿಲ್ಲ. "ಒಮ್ಮೆ ಪಾಸಾದ ಪರೀಕ್ಷೆ ಮತ್ತ ಯಾಕ ಬರೀಬೇಕು" ಅಂದ. ಪ್ರವೀಣ ದಡದಲ್ಲೇ ಆವಿ ತಗೊಂಡು ಮಲಗಿದ್ದ, ಪಾಪ.

ಮಧ್ಯಾಹ್ನ ಹೊರಟು ಭಟ್ಕಳ, ಬೈಂದೂರು, ಮರವಂತೆ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರ, ನಡುವೆ ರಸ್ತೆ. ನಿಲ್ಲಿಸಿ ಎಳನೀರು ಕುಡಿದೆವು. ಕತ್ತಲಾಗುವಾಗ ಮಲ್ಪೆ.

ನಾಲ್ಕನೇ ದಿನ

ಇವತ್ತು ಬಸೂನ ದಿನ. ಬೆಳಗ್ಗೆ ಆರಕ್ಕೇ ಸ್ನಾನ ಮಾಡಿ ಇಸ್ತ್ರಿ ಶರ್ಟು ಹಾಕಿಕೊಂಡು ತಯಾರು, ಯಾರದೋ ಮದುವೆಗೆ ಹೊರಟವನ ಹಾಗೆ.

ಮಲ್ಪೆ ಬಂದರಿನಿಂದ ಬೋಟಿನಲ್ಲಿ ಅರ್ಧ ಗಂಟೆಯೊಳಗೆ ದ್ವೀಪ. ಸೇಂಟ್ ಮೇರಿಸ್ ಅಂದರೆ ಒಂದಲ್ಲ, ನಾಲ್ಕು ದ್ವೀಪಗಳು. ಜನ ಹೋಗೋದು ಹೆಚ್ಚಾಗಿ ತೆಂಗಿನ ಮರ ಇರೋದಕ್ಕೆ. ಇನ್ನೊಂದಕ್ಕೆ ದರಿಯಾ ಬಹದ್ದೂರ್ ಗಡ ಅಂತ ಹೆಸರು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಅಂತ ಹೇಳಿಕೆ.

ಬೋಟಿನಿಂದ ಇಳಿದವರೆಲ್ಲಾ ಸೆಲ್ಫಿಗೆ ಓಡಿದರು. ಬಸು ಕಂಬಗಳ ಮುಂದೆ ಹೋಗಿ ಸುಮ್ನೆ ನಿಂತ. ನೋಡಿದರೆ ನಿಜಕ್ಕೂ ಯಾರೋ ಕಡಿದು ಜೋಡಿಸಿದ ಹಾಗೇ ಇವೆ. ಐದು, ಆರು, ಏಳು ಮೂಲೆಯ ಕಲ್ಲಿನ ಕಂಬಗಳು, ಒಂದಕ್ಕೊಂದು ಒತ್ತಿ ನಿಂತಿವೆ, ಕೆಲವು ಎರಡಾಳು ಎತ್ತರ, ತೀರಾ ದೊಡ್ಡವು 6 ಮೀಟರ್. ಎಲ್ಲೋ ಒಂದು ಕಡೆ ಕಂಬಗಳ ತಲೆ ಮಾತ್ರ ಕಾಣುತ್ತವೆ, ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ. ಲಕ್ಕುಂಡಿಯಲ್ಲಿ ಕಂಬ ನೋಡಿ ಬೆಳೆದವರು ನಾವು. ಆದರೂ ಇದನ್ನು ಯಾರೂ ಕಟ್ಟಿಲ್ಲ ಅನ್ನೋದನ್ನು ಮನಸ್ಸು ಬೇಗ ಒಪ್ಪಲ್ಲ.

"ಇದು ಹೆಂಗಾತು ಮಾಸ್ತರ?" ಅಂತ ಪ್ರವೀಣ ಕೇಳಿದ.

"ಏಪ್ರಿಲ್ ತಿಂಗಳದಾಗ ನಮ್ಮ ಎರಿ ಹೊಲ ನೋಡಿಯಿಲ್ಲೋ?"

ಅಷ್ಟೇ ಸಾಕಾಯ್ತು ನನಗೆ. ಎರೆ ಮಣ್ಣು ನೀರು ಆರಿ ಕುಗ್ಗಿದಾಗ ಬಿರುಕು ಬಿಡುತ್ತಲ್ವಾ, ಕಾಲು ಸಿಕ್ಕಿಕೊಳ್ಳೋ ಅಂಥ ಬಿರುಕು, ಮೇಲಿಂದ ನೋಡಿದರೆ ಜೇನುಗೂಡಿನ ಹಾಗೆ. ಇಲ್ಲೂ ಅದೇ, ಆರಿದ್ದು ನೀರಲ್ಲ, ಬಿಸಿ. ಕರಗಿದ ಲಾವಾ ಹರಿದು ಬಂದು ನಿಧಾನಕ್ಕೆ ತಣ್ಣಗಾಗ್ತಾ ಕುಗ್ಗಿತು, ಮೇಲೆ ಬಿರುಕು ಬಿಟ್ಟಿತು, ತಣ್ಣಗಾಗೋದು ಒಳಗೆ ಇಳಿದ ಹಾಗೆ ಬಿರುಕೂ ಇಳೀತು. ಬಿರುಕುಗಳು ಮೂರು ಮೂರು ಕೂಡೋ ಜಾಗದಲ್ಲಿ ಮೂಲೆ. ಹಾಗಾಗಿ ಆರು ಮೂಲೆಯ ಕಂಬ ಜಾಸ್ತಿ. ನಾನು ಒಂದು ಕಂಬದ ಮೂಲೆಗೆ ಹೆಬ್ಬೆರಳು ಇಟ್ಟೆ. ಅಂಚು ಇನ್ನೂ ಗಟ್ಟಿ, ಮೈ ಬಿಸಿಲಿಗೆ ಬಿಸಿ, ಸಂದಿಯಲ್ಲಿ ಒಂದು ಸಣ್ಣ ಏಡಿ ನನ್ನನ್ನೇ ನೋಡ್ತಿತ್ತು.

ಜನ ಇದನ್ನು ಬಸಾಲ್ಟ್ ಅಂತಾರೆ. ಬಸಾಲ್ಟ್ ಅಲ್ಲ, ರಯೋಲೈಟ್ ಜಾತಿ, ಮರಳಿನ ಅಂಶ ಜಾಸ್ತಿ ಇರೋ ಲಾವಾ ಅಂತ ಬಸು ಎರಡು ಸಲ ಹೇಳಿದ, ಒಂದು ಸಲ ನಮಗೆ, ಇನ್ನೊಂದು ಸಲ ಪಕ್ಕದಲ್ಲಿ ನಿಂತಿದ್ದ ಪರಿಚಯವಿಲ್ಲದ ಸಂಸಾರಕ್ಕೆ. ವಯಸ್ಸು ಸುಮಾರು 8.8 ಕೋಟಿ ವರ್ಷ. ಬೆಳಗಾವಿಯಿಂದ ಮಹಾರಾಷ್ಟ್ರದವರೆಗೆ ಹರಡಿರೋ ಡೆಕ್ಕನ್ ಲಾವಾ ಆಮೇಲಿನದು, 6.6 ಕೋಟಿ. ಇದು ಹರಿದಾಗ ನಮ್ಮ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಕೆಳಗಿನಿಂದ ಬಿಸಿ ಮೇಲೆದ್ದು ನೆಲ ಸೀಳಿತು, ಅವರು ಆ ಕಡೆ, ನಾವು ಈ ಕಡೆ. ಆ ಬಿಸಿಯ ತಾಣ ಈಗ ಆಫ್ರಿಕಾದ ತೆಂಕಣಕ್ಕೆ ಮರಿಯಾನ್ ದ್ವೀಪದ ಕೆಳಗಿದೆ. ಭೂವಿಜ್ಞಾನ ಇಲಾಖೆ ಈ ದ್ವೀಪವನ್ನು ರಾಷ್ಟ್ರೀಯ ಭೂಸ್ಮಾರಕ ಅಂತ ಗುರುತಿಸಿದೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನ ಲಾವಾವನ್ನೂ ಹಾಗೇ. ಅದು ಇನ್ನೂ ಹಳೇದು, ಸಮುದ್ರದ ಅಡಿಯಲ್ಲಿ ಹರಿದು ನೀರು ತಾಗಿ ದಿಂಬು ದಿಂಬಾಗಿ ಹೆಪ್ಪುಗಟ್ಟಿದ್ದು.

"ಕಪ್ಪತಗುಡ್ಡದಾಗೂ ಲಾವಾ ಕಲ್ಲು ಅದಾವು" ಅಂದ ಬಸು. "ಸುಮಾರು ಎರಡೂವರೆ ನೂರು ಕೋಟಿ ವರ್ಷದ್ದು. ನೀವು ಅಲ್ಲಿ ಮಂಡಕ್ಕಿ ತಿಂದು ಬರ್ತೀರಿ."

ದ್ವೀಪದ ಪಡುವಣ ದಂಡೆಯಲ್ಲಿ ಮರಳಿಗಿಂತ ಕಪ್ಪೆಚಿಪ್ಪೇ ಜಾಸ್ತಿ, ನಡೆದರೆ ಗಾಜಿನ ಬಳೆ ತುಳಿದ ಸದ್ದು. ಬಂಡೆಗಳ ಕಡೆ ನೀರಿಗೆ ಇಳಿಯಬೇಡಿ ಅಂತ ಕಾವಲಿನವರು ಸೀಟಿ ಊದ್ತಾನೇ ಇರ್ತಾರೆ. ಕೇಳಿ ಅವರ ಮಾತು. ಪಾಚಿ ಕಟ್ಟಿದ ಕಂಬದ ತಲೆ ಸಾಬೂನಿನಷ್ಟು ಜಾರುತ್ತದೆ, ಅಲೆ ಹೇಳಿ ಬರಲ್ಲ.

ಒಂದೂವರೆಗೆ ಮಲ್ಪೆ ಬಿಟ್ಟು ಬಂದ ದಾರಿಯಲ್ಲೇ ಕುಮಟಾವರೆಗೆ. ಡೈವ್ ಆಗಿ ಒಂದು ದಿನದ ಮೇಲಾಗಿತ್ತು. ದೇವಿಮನೆ ಘಟ್ಟ ಹತ್ತುವಾಗ ಎಡಗಿವಿಯಿಂದ ಬಿಸಿ ನೀರು ಒಂದು ಹನಿ ಹೊರಗೆ ಬಂತು, ಎರಡು ದಿನದಿಂದ ಒಳಗೆ ಕೂತಿದ್ದ ಸಮುದ್ರ. ರಾತ್ರಿ ಶಿರಸಿಯಲ್ಲಿ ಮಲಗಿದೆವು.

ಐದನೇ ದಿನ

ಹಾವೇರಿ ಮುಟ್ಟಿದ ಮೇಲೆ ಸೀದಾ ಊರಿಗೆ ಹೋಗೋದಿತ್ತು. ಬಸು ಸವಣೂರಿನಲ್ಲಿ ನಿಲ್ಲಿಸು ಅಂದ. ಖಾರಾ ತಗೊಳ್ಳೋಕೆ ಅಂದುಕೊಂಡೆ. ಅಲ್ಲ, ದೊಡ್ಡ ಹುಣಸೆ ಮಠಕ್ಕೆ.

ಸಣ್ಣವನಿದ್ದಾಗ ನೋಡಿದ್ದೆ, ಮರೆತಿದ್ದೆ. ಮೂರು ಮರ, ಒಂದೊಂದು ಒಂದು ಕೋಣೆಯಷ್ಟು ದಪ್ಪ. ಫೆಬ್ರವರಿ, ಎಲೆ ಇಲ್ಲ, ಬೂದು ಬಣ್ಣದ ಮೈ ಆನೆಯ ಚರ್ಮದ ಹಾಗೆ ಮಡಿಕೆ ಮಡಿಕೆ. 2023ರ ಮಳೆಗಾಲದಲ್ಲಿ ಒಂದು ಉರುಳಿ ಬಿದ್ದಿತ್ತು, ಅದನ್ನು ಎತ್ತಿ ಮತ್ತೆ ನಿಲ್ಲಿಸಿದರು. ನಾವು ದೊಡ್ಡ ಹುಣಸೆ ಅಂತೀವಿ, ಹುಣಸೆ ಅಲ್ಲ, ಬಾವೊಬಾಬ್. ಆಫ್ರಿಕಾದ ಮರ. ಮಡಗಾಸ್ಕರಿನಲ್ಲಿ ಇದರದೇ ಬಳಗದ ಆರು ಜಾತಿ ಇವೆ, ಅಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದವು.

"ಅಂದ್ರ ನೆಲ ಸೀಳಿದಾಗ ಇದು ಇಲ್ಲೇ ಉಳೀತು?" ಅಂದ ಪ್ರವೀಣ.

"ಹುಚ್ಚ ಇದಿ. ಇದನ್ನ ಯಾರೋ ವ್ಯಾಪಾರಸ್ಥರು ತಂದು ನೆಟ್ಟಾರ. ನೆಲ ಕೋಟಿ ವರ್ಷದ ಹಿಂದ ದೂರ ಹೋತು, ಮನುಷ್ಯಾ ಬೀಜ ಕಿಸೆದಾಗ ಹಾಕ್ಕೊಂಡು ಬಂದ."

ಬಸು ಮರದ ಮೈ ಸವರಿದ. ನಿನ್ನೆ ಕಂಬ ಸವರಿದ ಹಾಗೇ, ಅಂಗೈ ಪೂರ್ತಿ ಇಟ್ಟು. ನಾನು ಎರಡು ಪೊಟ್ಟಣ ಖಾರಾ, ಒಂದು ಕಟ್ಟು ಎಲೆ ತಗೊಂಡೆ. ಲಕ್ಷ್ಮೇಶ್ವರದ ಮೇಲೆ ಗದಗ ಮುಟ್ಟಿದಾಗ ನಾಲ್ಕು ಗಂಟೆ.

ಮರುದಿನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯ ಮೊದಲ ಪ್ರೂಫ್ ತೆಗೆದೆ. ಹುಡುಗಿ ಅಪ್ಪ ಬೆಳಕಿಗೆ ಹಿಡಿದು, ಹತ್ತಿರ ದೂರ ಮಾಡಿ ನೋಡಿ, "ಕೆಂಪು ಸ್ವಲ್ಪ ಜಾಸ್ತಿ ಆಗೇತಿ ಅಲ್ಲೇನ್ರಿ?" ಅಂದರು.

"ಇರ್ಲಿ ಬಿಡ್ರಿ" ಅಂದೆ.